ಮೂತಿಯೋ, ಮೂಗೋ?

"ಅಜ್ಜಾರ, ಇದರ ಚುಂಚು ನೋಡ್ರಿ. ಗಿಣಿಮೂತಿ ಅಂದ್ರ ಇದು. ಆಪೂಸಕ್ಕ ಚುಂಚು ಎಲ್ಲಿರತೈತ್ರಿ?" ಧಾರವಾಡದ ಸಂತೆಯಲ್ಲಿ ಮಾವಿನಕಾಯಿ ಮಾರುವ ಹೆಣ್ಣುಮಗಳು ಕಾಯಿಯ ತುದಿ ಮುಟ್ಟಿ ತೋರಿಸಿದಳು. ಎರಡು ಕೊಂಡೆ. ದಾರಿಯುದ್ದಕ್ಕೂ ತಲೆ ಕುಟುಕಿದ್ದು ಮಾತ್ರ ಬೇರೆ. ಕಾಯಿಗೆ ಗಿಣಿಮೂತಿ ಅನ್ನುತ್ತೇವೆ. ಹೆಣ್ಣು ನೋಡಿ ಬಂದವರು "ಗಿಣಿಮೂಗು" ಅನ್ನುತ್ತಾರೆ. ಹಾಗಾದರೆ ಅದು ಮೂತಿಯೋ, ಮೂಗೋ? ಗಿಣಿಯನ್ನೇ ಕೇಳಬೇಕು. ಅದರ ಹೊಳ್ಳೆಗಳಿರುವುದು ಚುಂಚಿನ ಬುಡದಲ್ಲೇ. ಕೊಂಬೆ ಹತ್ತುವಾಗ ಅದೇ ಚುಂಚು ಮೂರನೆಯ ಕಾಲೂ ಆಗುತ್ತದೆ. ಗೀಜಗನಿಗಂತೂ ಅದು ಸೂಜಿ, ಲಾಳಿ ಎರಡೂ; ಬೆಟಗೇರಿಯ ನೇಕಾರರು ನೋಡಿ ತಲೆದೂಗಬೇಕು.

ಶಾಲೆಯ ಪುಸ್ತಕದಲ್ಲಿ ಇದು ಕೊಕ್ಕು. ಹಿತ್ತಲಲ್ಲಿ ಹುಣಸೆಕಾಯಿ ಹರಿಯುವ ಗಳಕ್ಕೆ ಕಟ್ಟಿದ್ದು ಕೊಕ್ಕಿ. ಕಚೇರಿಗೆ ಹೋದರೆ ಕೊಕ್ಕೆ. ನಮ್ಮ ಮನೆಯ ಕಾಗದಪತ್ರಕ್ಕೂ ಒಂದು ಬಿತ್ತು: ಅಪ್ಪನ ಹೆಸರು ಒಂದು ಕಡೆ ಬಸಪ್ಪ, ಇನ್ನೊಂದು ಕಡೆ ಬಸವಪ್ಪ. ನಡುವಿನ ಒಂದು 'ವ'ಕ್ಕಾಗಿ ಎಂಟು ತಿಂಗಳು ಅಲೆದೆ. ಹುಣಸೆಕಾಯಿಯಾದರೆ ಕೊಕ್ಕಿ ಹಾಕಿದೊಡನೆ ಕೆಳಗೆ ಬೀಳುತ್ತದೆ, ಫೈಲು ಮೇಲೆಯೇ ಜೋತಾಡುತ್ತದೆ.

ಇನ್ನು ಪಂಡಿತರ ಚಂಚು. "ಈ ವಿಷಯದಲ್ಲಿ ನನ್ನದು ಬರೀ ಚಂಚುಪ್ರವೇಶ" ಎಂದು ಶುರುಮಾಡಿದವರು ಚಹಾ ಆರಿ, ಚುರಮುರಿ ಮೆತ್ತಗಾದರೂ ಮೈಕು ಬಿಡುವುದಿಲ್ಲ. ಇದರ ನಿಜವಾದ ಅರ್ಥ ಗದಗ ಜಿಲ್ಲೆಯ ಮಾಗಡಿ ಕೆರೆಯ ಸುತ್ತಲಿನ ರೈತರಿಗೆ ಗೊತ್ತು. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹೊಲಕ್ಕಿಳಿದರೆ ಅವುಗಳದೂ ಚಂಚುಪ್ರವೇಶವೇ. ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿ ಸೇರಿತು. ಕಡಲೆಗಿಡಕ್ಕೆ ಅದರಿಂದೇನು?

ಮನೆಗೆ ಬಂದು ಕಾಯಿ ಹೆಚ್ಚಿ ಉಪ್ಪು-ಖಾರ ಹಚ್ಚಿದೆ. ಕಡೆಗೆ ಚುಂಚಿನ ಹೋಳೊಂದೇ ಉಳಿಯಿತು, ಮೊಮ್ಮಕ್ಕಳು ಇಬ್ಬರು. ಚಾಕು ತರುವಷ್ಟರಲ್ಲಿ ದೊಡ್ಡವಳು ಅದನ್ನು ಅಂಗಿಯ ಅಂಚಿನಲ್ಲಿ ಸುತ್ತಿ ಕಟಕ್ಕನೆ ಕಡಿದು, ಅರ್ಧವನ್ನು ತಮ್ಮನ ಮುಂದೆ ಹಿಡಿದಳು.

"ಎಂಜಲ!" ಅಂದ ಅವನು.

"ಗುಬ್ಬಿ ಎಂಜಲೋ, ತಿನ್ನು."

ತಿಂದ. ಬೆಳ್ಳನೆಯ ಅಂಗಿಯ ಮೇಲೆ ಕೆಂಪು ಖಾರದಲ್ಲಿ ನಾಕು ಹಲ್ಲಿನ ಗುರುತು ಮೂಡಿತ್ತು.