ಬುದ್ಧನನ್ನು ನಾಳೆ ನೋಡೋಣ

ಫೋನ್ ಮಾಡಿದವರೆಲ್ಲ ಹೇಳುವುದು ಒಂದೇ ಮಾತು. “ನಿಮಗೇನಮ್ಮ, ವರ್ಷವಿಡೀ ಟೂರು!” ನಾನು ಹೂಂ ಅನ್ನುತ್ತೇನೆ. ಆ ಹೊತ್ತಿಗೆ ನನ್ನ ಒಂದು ಕೈ ಬಾತ್‌ರೂಮಿನ ಬೇಸಿನ್‌ನಲ್ಲಿ ಮಗನ ಚಡ್ಡಿ ಉಜ್ಜುತ್ತಿರುತ್ತದೆ. ಇವರು ಕೆಲಸಕ್ಕೆ ಒಂದು ವರ್ಷ ರಜೆ ಹಾಕಿ, ಐದು ವರ್ಷದ ಮಗಳು, ಎರಡು ವರ್ಷದ ಮಗ, ಎರಡು ಸೂಟ್‌ಕೇಸು, ಒಂದು ಸ್ಟ್ರಾಲರ್ ಸಮೇತ ನಾವು ಹೊರಟು ನಾಲ್ಕು ತಿಂಗಳಾಯಿತು. ಇಷ್ಟು ದಿನದಲ್ಲಿ ನನಗೆ ಗೊತ್ತಾದದ್ದು ಇಷ್ಟೇ: ಮನೆ ಬಿಟ್ಟು ಬರಬಹುದು, ಮನೆಕೆಲಸ ಬಿಟ್ಟು ಬರೋಕಾಗಲ್ಲ. ಅದು ನಮಗಿಂತ ಮುಂಚೆ ಹೋಗಿ ಪ್ರತಿ ಊರಲ್ಲೂ ಕಾದು ಕೂತಿರುತ್ತದೆ.

ಜಪಾನಿನ ಕ್ಯೋಟೋದಲ್ಲಿ ಅದು ಕೂತಿದ್ದು ನಮ್ಮ ರೂಮಿನ ಪಕ್ಕದ ಬೀದಿಯ ಕಾಯಿನ್ ಲಾಂಡ್ರಿಯಲ್ಲಿ.

ನವೆಂಬರ್ ತಿಂಗಳ ಒಂದು ದಿನ. ಅವತ್ತು ನಾರಾಕ್ಕೆ ಹೋಗಿ ದೊಡ್ಡ ಬುದ್ಧನನ್ನು ನೋಡಬೇಕು ಅಂತ ಇವರು ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ವೇಳಾಪಟ್ಟಿ ಬರೆದಿದ್ದರು. 9.20ಕ್ಕೆ ರೈಲು, 10.45ಕ್ಕೆ ಬುದ್ಧ, 11.30ಕ್ಕೆ ಮಕ್ಕಳಿಗೆ ಟಾಯ್ಲೆಟ್. ಮಕ್ಕಳ ಟಾಯ್ಲೆಟ್ಟಿಗೂ ಸಮಯ ಗೊತ್ತು ಮಾಡುವ ಮನುಷ್ಯನಿಗೆ ನಾನು ಏನು ಹೇಳಲಿ? ಏಳು ವರ್ಷದಿಂದ ಏನೂ ಹೇಳಿಲ್ಲ.

ಬೆಳಗ್ಗೆ ಏಳಕ್ಕೇ ಬಟ್ಟೆ ಗಂಟು ಹೊತ್ತುಕೊಂಡು ಹೋದೆವು. ಅದರಲ್ಲಿ ಮೊಲಪ್ಪನೂ ಇದ್ದ. ಮೊಲಪ್ಪ ಅಂದರೆ ಮಗಳ ಬಟ್ಟೆಯ ಮೊಲ. ಅವಳಿಗೆ ನಿದ್ದೆ ಬರಬೇಕಾದರೆ, ಹೆದರಿಕೆ ಹೋಗಬೇಕಾದರೆ, ಸುಮ್ನೆ ಸಿಟ್ಟು ಬಂದರೂ ಅವನೇ ಬೇಕು. ಹಿಂದಿನ ರಾತ್ರಿ ಅವನು ಕರಿ ರೈಸಿನ ತಟ್ಟೆಗೆ ಬಿದ್ದಿದ್ದ. ಸ್ನಾನ ಆಗಲೇಬೇಕಿತ್ತು.

ತೊಳೆಯುವ ಮೆಷಿನ್ನು ನುಂಗುವುದು ನೂರು ಯೆನ್ ನಾಣ್ಯ ಮಾತ್ರ. ಡ್ರೈಯರಿಗೂ ಅದೇ. ಅದಕ್ಕೆಂದು ನಾನು ಜೋಡಿಸಿಟ್ಟಿದ್ದ ನಾಣ್ಯಗಳಲ್ಲಿ ಎರಡನ್ನು ಮಗ ಬಾಗಿಲ ಪಕ್ಕದ ಪಾನೀಯದ ಮೆಷಿನ್ನಿಗೆ ಹಾಕಿ, ಸಿಕ್ಕಿದ ಗುಂಡಿ ಒತ್ತಿದ. ದಡಾರ್ ಅಂತ ಒಂದು ಡಬ್ಬಿ ಬಿತ್ತು. ಬಿಸಿ ಬಿಸಿ ಜೋಳದ ಸೂಪು. ಚಳಿ ಶುರುವಾದರೆ ಆ ಮೆಷಿನ್ನುಗಳಲ್ಲಿ ಸೂಪೂ ಸಿಗುತ್ತದೆ. ಅವನಿಗೆ ಅದು ಬೇಡ. ಇನ್ನೊಂದು ಸಲ ದಡಾರ್ ಅನ್ನಿಸಬೇಕು, ಅಷ್ಟೇ. ಇವರು ಚಿಲ್ಲರೆಗೆ ಓಡಿದರು, ನಾನು ಇಷ್ಟವಿಲ್ಲದ ಸೂಪು ಕುಡಿದೆ. ತಾಯಂದಿರ ಬೆಳಗಿನ ತಿಂಡಿ ಸಾಮಾನ್ಯವಾಗಿ ಹೀಗೇ ನಿರ್ಧಾರ ಆಗುವುದು.

ಡ್ರೈಯರ್ ನಿಂತಾಗ ಬಾಗಿಲು ತೆಗೆದರೆ, ಒಳಗೆ ಹೋಳಿ ಹಬ್ಬ. ಮಗಳ ಜಾಕೆಟ್ ಜೇಬಿನಲ್ಲಿ ಒಂದು ನೇರಳೆ ಕ್ರೇಯಾನ್ ಇತ್ತಂತೆ. ತೊಳೆಯುವಾಗ ಪಾಪ ಸುಮ್ಮನಿತ್ತು. ಬಿಸಿ ತಾಗಿದ್ದೇ ಕರಗಿ, ಸಿಕ್ಕಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಬಂದಿತ್ತು. ಇವರ ಬಿಳಿ ಶರ್ಟಿನ ಎದೆಯ ಮೇಲೆ ಅಂಗೈಯಗಲ ನೇರಳೆ. ಬಿಳಿ ಮೊಲಪ್ಪನ ಎಡಗಿವಿ ಪೂರ್ತಿ ನೇರಳೆ.

“ಚೆನ್ನಾಗಿದೆ,” ಅಂದಳು ಮಗಳು. ಇವರು ಏನೂ ಅನ್ನಲಿಲ್ಲ. ಇದ್ದ ಬಟ್ಟೆಯೆಲ್ಲ ಆ ಡ್ರೈಯರಿನಲ್ಲೇ ಇತ್ತು, ಹಾಕಿಕೊಳ್ಳದೆ ಗತಿಯಿಲ್ಲ. ಮೇಲೆ ಜಾಕೆಟ್ ಏರಿಸಿ ಕುತ್ತಿಗೆವರೆಗೂ ಜಿಪ್ ಎಳೆದುಕೊಂಡರು.

9.20ರ ರೈಲು ನಮ್ಮನ್ನು ಕಾಯಲಿಲ್ಲ. ಹನ್ನೊಂದರ ಮೇಲೆ ಇನ್ನೊಂದು ಸಿಕ್ಕಿತು. ಕ್ಯೋಟೋದಿಂದ ನಾರಾಕ್ಕೆ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಅದೊಂದು ಸಮಾಧಾನ. ಬೋಗಿಯಲ್ಲಿ ಎಲ್ಲರೂ ಉಸಿರಾಡುವುದೂ ಕೇಳದಷ್ಟು ಮೌನವಾಗಿ ಕೂತಿದ್ದರು. ಆ ಮೌನದ ನಡುವೆ ನಮ್ಮ ಮಗ ಮುಕ್ಕಾಲು ಗಂಟೆಯೂ “ದಡಾರ್! ದಡಾರ್!” ಅಂದ.

ಇಳಿದ ಮೇಲೆ ಸ್ಟೇಷನ್ನಿನಲ್ಲೇ ಅವನ ಡೈಪರ್ ಬದಲಾಯಿಸಿದೆವು. ಬದಲಾಯಿಸುವುದು ಸುಲಭ, ಎಸೆಯುವುದು ಕಷ್ಟ. ಜಪಾನಿನ ರಸ್ತೆಗಳಲ್ಲಿ ಕಸದ ಡಬ್ಬಿ ಕಾಣುವುದೇ ಅಪರೂಪ. ನಿಮ್ಮ ಕಸ ನೀವೇ ಮನೆಗೆ ಒಯ್ಯಬೇಕು. ಎಷ್ಟು ಸ್ವಚ್ಛ ದೇಶ ಅಂತ ಮೊದಲ ವಾರ ಹೊಗಳಿದ್ದೇ ಹೊಗಳಿದ್ದು. ಎರಡನೇ ವಾರಕ್ಕೆ ಆ ಸ್ವಚ್ಛತೆಯೆಲ್ಲ ಇವರ ಬ್ಯಾಗಿನ ಹೊರಜೇಬಿನಲ್ಲಿ ಪ್ಲಾಸ್ಟಿಕ್ ಕವರೊಳಗೆ ಗಂಟು ಹಾಕಿಕೊಂಡು ಕೂತಿರುತ್ತಿತ್ತು.

ನಾರಾದ ಪಾರ್ಕಿನಲ್ಲಿ ಸಾವಿರಕ್ಕೂ ಹೆಚ್ಚು ಜಿಂಕೆಗಳು ಬೇಲಿಯಿಲ್ಲದೆ ತಿರುಗಾಡುತ್ತವೆ. ಅಲ್ಲಿನ ದೇವರೊಬ್ಬ ಬಿಳಿ ಜಿಂಕೆಯ ಮೇಲೆ ಕೂತು ಬಂದನೆಂದು ನಂಬಿಕೆ. 1957ರಲ್ಲಿ ಸರ್ಕಾರ ಈ ಜಿಂಕೆಗಳನ್ನು ಪ್ರಕೃತಿಯ ಸ್ಮಾರಕವೆಂದೇ ಘೋಷಿಸಿದೆ. ಇನ್ನೂರು ಯೆನ್ ಕೊಟ್ಟರೆ ಅವುಗಳಿಗೆಂದೇ ಮಾಡಿದ ಬಿಸ್ಕತ್ತಿನ ಕಟ್ಟು ಸಿಗುತ್ತದೆ. ನೀವು ತಲೆ ಬಾಗಿಸಿದರೆ ಜಿಂಕೆಯೂ ಬಾಗಿಸುತ್ತದೆ. ಆಮೇಲೆ ಬಿಸ್ಕತ್ತು ಕೊಡಬೇಕು. ಬಿಸ್ಕತ್ತು ತಡವಾದರೆ ವಿನಯ ಮುಗಿಯಿತು ಅಂತ ಅರ್ಥ.

ಇವರು ತಡ ಮಾಡಿದರು. ಫೋಟೋ ಚೆನ್ನಾಗಿ ಬರಲಿ ಅಂತ ಬಿಸ್ಕತ್ತನ್ನು ತಲೆಯ ಮೇಲೆತ್ತಿ ಹಿಡಿದರು. ಎದುರಿನ ಜಿಂಕೆ ಮೂರು ಸಲ ಬಾಗಿ ನೋಡಿತು. ಅಷ್ಟರಲ್ಲಿ ಇನ್ನೊಂದು ಹಿಂದಿನಿಂದ ಬಂದು, ಪ್ಯಾಂಟಿನ ಜೇಬಿನಲ್ಲಿದ್ದ ವೇಳಾಪಟ್ಟಿಯನ್ನು ಎಳೆದು ತಿನ್ನತೊಡಗಿತು. 9.20ರಿಂದ ಹಿಡಿದು ಸಂಜೆಯವರೆಗೆ, ಎಲ್ಲಾ. ಇವರು “ಏ! ಏ!” ಅಂದರು. ಸ್ಮಾರಕಕ್ಕೆ ಇನ್ನೇನು ಅನ್ನೋದು? ಮೂರನೆಯದು ಬ್ಯಾಗಿನ ಹೊರಜೇಬಿಗೇ ಮೂತಿ ಇಟ್ಟಿತು. ಒಂದು ಕ್ಷಣ ಮೂಸಿ, ತಲೆ ಎತ್ತಿ ಇವರ ಮುಖ ನೋಡಿ, ಹೊರಟುಹೋಯಿತು. ನಾರಾದ ಜಿಂಕೆ ಬೇಡ ಅಂದ ವಸ್ತು ಬಹುಶಃ ಅದೊಂದೇ.

ಈ ಗಲಾಟೆಯಲ್ಲಿ ಮಗನನ್ನು ನೋಡಿದವರಿಲ್ಲ. ತಿರುಗಿದರೆ ಅವನು ಜಿಂಕೆಗಳ ಸಾಲಿನಲ್ಲಿ ನಿಂತು, ಒಬ್ಬ ಮುದುಕಿಯ ಮುಂದೆ ತಲೆ ಬಾಗಿಸುತ್ತಿದ್ದ. ಆಕೆ ನಕ್ಕು ನಕ್ಕು ಒಂದು ಬಿಸ್ಕತ್ತು ಕೊಟ್ಟರು. ನಾನು ಓಡಿ ಹೋಗುವಷ್ಟರಲ್ಲಿ ಅರ್ಧ ಒಳಗೆ ಹೋಗಿತ್ತು. ಅಕ್ಕಿ ತೌಡು, ಗೋಧಿ ಹಿಟ್ಟು, ಅಷ್ಟೇ ಅದರಲ್ಲಿರುವುದು, ಏನಾಗಲ್ಲ ಬಿಡು ಅಂದರು ಇವರು. ಮನೆಯಲ್ಲಿ ನಾನು ಮಾಡಿದ್ದನ್ನು ಉಗಿಯುವ ಮಗ ಜಿಂಕೆ ಬಿಸ್ಕತ್ತನ್ನು ಚಪ್ಪರಿಸಿ ತಿಂದ.

ಅಂತೂ ಟೋದಾಯ್‌ಜಿ ದೇವಸ್ಥಾನದ ಮಹಾದ್ವಾರ ತಲುಪಿದೆವು. ಅದರ ಎರಡೂ ಪಕ್ಕ ಮರದ ದ್ವಾರಪಾಲಕರು. 1203ರಲ್ಲಿ ಕೆತ್ತಿದ್ದು, ಎಂಟು ಮೀಟರಿಗೂ ಎತ್ತರ, ಕಣ್ಣು ಕೆಂಡ. ಮಗಳು ಅವರನ್ನು ನೋಡಿದಳು, ಹೆದರಿದಳು, ಮೊಲಪ್ಪನನ್ನು ತಬ್ಬಿಕೊಳ್ಳಲು ಸ್ಟ್ರಾಲರಿಗೆ ಕೈ ಹಾಕಿದಳು.

ಮೊಲಪ್ಪ ಇಲ್ಲ.

ಆಮೇಲೆ ಅವಳು ಇಟ್ಟ ಕೂಗಿಗೆ ದ್ವಾರಪಾಲಕರೇ ಒಂದು ಹೆಜ್ಜೆ ಹಿಂದೆ ಸರಿದಿರಬೇಕು. ಜಿಂಕೆ ತಿಂತಾ? ದಾರಿಯಲ್ಲಿ ಬಿತ್ತಾ? “ರೈಲಲ್ಲಿ ಕಿಟಕಿ ಹತ್ರ ಕೂರಿಸಿದ್ದೆ,” ಅಂದಳು ಬಿಕ್ಕುತ್ತಾ. ಒಳಗೆ ಹದಿನೈದು ಮೀಟರಿನ ಕಂಚಿನ ಬುದ್ಧ, ಇನ್ನು ಸ್ವಲ್ಪ ದೂರ ನಡೆದರೆ ಸಾಕು. ಇವರು ಒಳಗೆ ನೋಡಿದರು, ಮಗಳನ್ನು ನೋಡಿದರು. “ಅವನು 752ರಿಂದ ಕೂತಿದ್ದಾನೆ. ಇನ್ನೊಂದು ದಿನ ಕೂತಿರ್ತಾನೆ ಬಿಡು,” ಅಂದರು. ಸ್ಟ್ರಾಲರ್ ತಿರುಗಿಸಿದೆವು.

ಸ್ಟೇಷನ್ನಿನ ಕೌಂಟರಿನಲ್ಲಿ ಬಿಳಿ ಗ್ಲೌಸ್ ಹಾಕಿದ ಹಿರಿಯರೊಬ್ಬರು. ನಮಗೆ ಜಪಾನಿ ಬಾರದು. ನಾನು ಮೊಬೈಲಿನ ಅನುವಾದದ ಆ್ಯಪ್ ತೆಗೆದು ಗಾಬರಿಯಲ್ಲಿ ಅಪ್ಪಟ ಕನ್ನಡದಲ್ಲೇ ಹೇಳಿದೆ: “ನಮ್ಮ ಮೊಲಪ್ಪ ರೈಲಲ್ಲಿ ಹೋಗಿಬಿಟ್ಟ.”

ಆ್ಯಪ್ ಏನೋ ಹೇಳಿತು. ಹಿರಿಯರ ಮುಖ ಬಾಡಿತು. ಎದ್ದು ನಿಂತರು. ಟೋಪಿ ತೆಗೆದು, ನಿಧಾನವಾಗಿ ತಲೆ ಬಾಗಿಸಿದರು. ಅಳುತ್ತಿದ್ದ ಮಗಳನ್ನು ನೋಡಿ ಇನ್ನೊಂದು ಸಲ ಬಾಗಿಸಿದರು. ಹೋಗಿಬಿಟ್ಟ ಅಂದರೆ ಏನೇನು ಅರ್ಥ ಬರುತ್ತದೆ ಅಂತ ಆಗ ನನಗೆ ಹೊಳೆಯಿತು. “ರೀ, ಸತ್ತಿಲ್ಲ ಅಂತ ಹೇಳ್ರೀ!” ಅಂದೆ. ಇವರು ಆ್ಯಪ್ ಕಡೆ ತಿರುಗಿ “ಸತ್ತಿಲ್ಲ, ಕಳೆದುಹೋಗಿದ್ದಾನೆ” ಅಂದರು. ಹಿರಿಯರು ತಟ್ಟನೆ ಪೆನ್ನು ತೆಗೆದು, ವಯಸ್ಸೆಷ್ಟು ಎಂದು ಕೇಳಿದರು.

ಕೊನೆಗೆ ಮಗಳೇ ಮುಂದೆ ಬಂದಳು. ಅಳು ನಿಲ್ಲಿಸಿ, ಎರಡೂ ಕೈ ತಲೆಯ ಮೇಲಿಟ್ಟು ಕಿವಿ ಮಾಡಿ, ಎರಡು ಸಲ ಕುಪ್ಪಳಿಸಿದಳು. ಹಿರಿಯರು “ಆ!” ಅಂದರು. ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದರು. ಅದಕ್ಕೆ ಚೀಟಿ ಕಟ್ಟಿತ್ತು. ಒಳಗೆ ಮೊಲಪ್ಪ, ಮಡಿಯಾಗಿ ಕೂತಿದ್ದ.

ಆದರೆ ಕೊಡಬೇಕಾದರೆ ಗುರುತು ಹೇಳಬೇಕು. ಅವರು ನೇರಳೆ ಕಿವಿಯನ್ನು ಬೆರಳಿನಿಂದ ತೋರಿಸಿ ಪ್ರಶ್ನಾರ್ಥಕವಾಗಿ ನೋಡಿದರು. ಇವರು ಎರಡು ಕ್ಷಣ ಯೋಚಿಸಿ, ಮಾತಿಲ್ಲದೆ ಜಾಕೆಟ್ಟಿನ ಜಿಪ್ ಪೂರ್ತಿ ಕೆಳಗಿಳಿಸಿದರು. ಹಿರಿಯರು ಎದೆಯ ಕಲೆ ನೋಡಿದರು. ಕಿವಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ಎದೆ ನೋಡಿದರು. ಆಮೇಲೆ ಸಹಿ ಹಾಕಲು ಪುಸ್ತಕ ಮುಂದಕ್ಕೆ ತಳ್ಳಿದರು.

ಮೊಲಪ್ಪನನ್ನು ಎರಡೂ ಕೈಯಲ್ಲಿ ಹಿಡಿದು ಮಗಳಿಗೆ ಕೊಟ್ಟು, ಅವರು ಸೊಂಟದವರೆಗೂ ಬಾಗಿದರು. ನಾವಿಬ್ಬರೂ ಬಾಗಿದೆವು. ಮಗನೂ ಸ್ಟ್ರಾಲರಿನಿಂದ ಇಳಿದು, ಎಲ್ಲರಿಗಿಂತ ಚೆನ್ನಾಗಿ ಬಾಗಿ, ಬಿಸ್ಕತ್ತಿಗೆ ಕೈ ಚಾಚಿದ.