ಪಕ್ಕದ ಮನೆಯವರನ್ನು ಕೇಳಿ ಲೈಸೆನ್ಸ್ ಕೊಡಿ

ನಿನ್ನೆ ರಾತ್ರಿ 1 ಗಂಟೆ 40 ನಿಮಿಷ. ಅಮ್ಮನಿಗೆ ಆಗಷ್ಟೇ ನಿದ್ದೆ ಹತ್ತಿತ್ತು. ಎದುರು ಮನೆಯ ಕೆಳಮಹಡಿಯಲ್ಲಿ ಮೊಬೈಲ್ ಆರ್ಡರಿಗೆ ಊಟ ಬೇಯಿಸಿ ಕಳಿಸುವ ಪಾರ್ಸೆಲ್ ಅಡುಗೆಮನೆಯವರು 19 ಕಿಲೋದ ಸಿಲಿಂಡರ್ ಒಂದನ್ನು ಚಪ್ಪಡಿಯ ಮೇಲೆ ಉರುಳಿಸಿಕೊಂಡು ಹೋದರು. ಅಮ್ಮ ಎದ್ದು ಕುಳಿತು, "ಬಾಗಿಲು ಬಡಿಯುತ್ತಿರುವುದು ಯಾರು ನೋಡೇ" ಎಂದಳು. ಆಮೇಲೆ ಬೆಳಗಿನವರೆಗೆ ಇಬ್ಬರಿಗೂ ನಿದ್ದೆಯಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಮುಚ್ಚಿಡುವುದಿಲ್ಲ.

ಹೋಟೆಲ್ ಎಂದರೆ ಮೂಗು ಮುರಿಯುವವಳು ನಾನಲ್ಲ. ತಿಪಟೂರಿನ ಬಸ್ ನಿಲ್ದಾಣದ ಪಕ್ಕ ಅಪ್ಪ ನಡೆಸುತ್ತಿದ್ದ ಹೋಟೆಲಿನ ಗಲ್ಲಾದ ಹಿಂದೆ ಕುಳಿತೇ ನಾನು ಮಗ್ಗಿ ಕಲಿತವಳು. ಕೊಬ್ಬರಿ ಹರಾಜಿನ ದಿನಗಳಲ್ಲಿ ಲಾರಿಯವರಿಗಾಗಿ ನಡುರಾತ್ರಿಯೂ ಒಲೆ ಆರುತ್ತಿರಲಿಲ್ಲ. ಆದರೆ ಆ ಒಲೆ ಇದ್ದದ್ದು ಬಸ್ಸು, ಲಾರಿಗಳ ನಡುವೆ. ಇಲ್ಲಿ ಒಲೆ ಉರಿಯುವುದು ಅಮ್ಮನ ಮಂಚದಿಂದ ಒಂದು ಕಿರಿದಾದ ರಸ್ತೆಯ ಆಚೆ. ಹೊಗೆ ಎಳೆಯುವ ಫ್ಯಾನಿನ ಕೊಳವೆಯ ಬಾಯಿ ನೇರ ನಮ್ಮ ಕಿಟಕಿಗೆ. ಹುರಿದ ಮೆಣಸಿನಕಾಯಿಯ ಘಾಟಿಗೆ ಅಮ್ಮನಿಗೆ ಕೆಮ್ಮು ಹತ್ತಿದರೆ ಅರ್ಧ ಗಂಟೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಮಲಗುವುದು ಹೇಗೆ?

ಬೆಂಗಳೂರಿನ ನಮ್ಮ ಅಡ್ಡರಸ್ತೆಯ ಅಗಲ 30 ಅಡಿ. ಇಂತಹ ಕಿರಿದಾದ ವಸತಿ ರಸ್ತೆಗಳಲ್ಲಿ ವ್ಯಾಪಾರಕ್ಕೆ ಬಿಡಬೇಕೇ ಬೇಡವೇ ಎಂಬ ಜಗಳ ಈ ಊರಿನಲ್ಲಿ ಬಹಳ ಹಳೆಯದು. ದೂರು ಕೊಡಲು ಕಚೇರಿಗೆ ಹೋದಾಗ ನನಗೆ ಸಿಕ್ಕ ಉತ್ತರ ಒಂದೇ ಸಾಲಿನದು: "ಅವರ ಹತ್ತಿರ ಲೈಸೆನ್ಸ್ ಇದೆಯಲ್ಲ ಮೇಡಂ." ಇದೆ, ನಾನೂ ನೋಡಿದ್ದೇನೆ. ಉದ್ದಿಮೆ ಪರವಾನಗಿಯೂ ಇದೆ, ಆಹಾರ ಸುರಕ್ಷತೆಯ ಪ್ರಮಾಣಪತ್ರವೂ ಇದೆ. ಅಡುಗೆ ಸ್ವಚ್ಛವಾಗಿರುವುದು ತಿನ್ನುವವರಿಗೆ ಒಳ್ಳೆಯದೇ. ನನ್ನ ಪ್ರಶ್ನೆ ಬೇರೆ. ಲೈಸೆನ್ಸ್ ಕೊಡುವ ಮೊದಲು ನಮ್ಮನ್ನು ಯಾರು ಕೇಳಿದರು? ಒಂದು ಮನೆಯ ಗಂಟೆಯನ್ನಾದರೂ ಯಾರಾದರೂ ಒತ್ತಿದರೇ?

ಸರ್ಕಾರದ ಆದೇಶಗಳನ್ನು ಹುಡುಕಿ ಓದಿದೆ. ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳು 24 ಗಂಟೆಯೂ ತೆರೆದಿರಬಹುದು ಎಂದು 2021ರಲ್ಲಿ ಅಧಿಸೂಚನೆ ಬಂತು. ರಾತ್ರಿ 1 ಗಂಟೆಯವರೆಗೆ ವ್ಯಾಪಾರಕ್ಕೆ ಅವಕಾಶ ಎಂದು 2024ರಲ್ಲಿ ಇನ್ನೊಂದು ಆದೇಶ. 2021ರದ್ದರಲ್ಲಿ ಒಂದು ಒಳ್ಳೆಯ ಷರತ್ತಿದೆ: ರಾತ್ರಿ 8ರ ನಂತರ ಮಹಿಳಾ ನೌಕರರಿಂದ ಕೆಲಸ ಮಾಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು. ಓದಿ ಸಂತೋಷವಾಯಿತು. ಒಪ್ಪಿಗೆ ಎಂಬ ಮಾತಿನ ಬೆಲೆ ಆದೇಶ ಬರೆದವರಿಗೆ ಗೊತ್ತಿದೆ. ಹಾಗಿದ್ದ ಮೇಲೆ ಗೋಡೆಯಾಚೆ ಮಲಗುವವರ ಒಪ್ಪಿಗೆ ಏಕೆ ಬೇಡವಾಯಿತು?

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಶಬ್ದದ ಮಿತಿ 45 ಡೆಸಿಬೆಲ್. ಕಾಗದದ ಮೇಲೆ ನಾವು ನೆಮ್ಮದಿಯಾಗಿ ಮಲಗಿದ್ದೇವೆ. ನಡುರಾತ್ರಿ ಅಳೆಯುವವರು ಯಾರು? ಒಮ್ಮೆ 112ಕ್ಕೆ ಕರೆ ಮಾಡಿದೆ. ಬಂದವರು ಸೌಜನ್ಯದಿಂದಲೇ ಬುದ್ಧಿ ಹೇಳಿ ಹೋದರು. ಇಪ್ಪತ್ತು ನಿಮಿಷ ಸದ್ದಿರಲಿಲ್ಲ.

ತಂಗಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾಳೆ. ಅಲ್ಲಿ 2003ರ ಪರವಾನಗಿ ಕಾಯ್ದೆಯಂತೆ ರಾತ್ರಿ 11ರಿಂದ ಬೆಳಗಿನ 5ರ ನಡುವೆ ಬಿಸಿ ಆಹಾರ ಮಾರಲು ಸಾಮಾನ್ಯವಾಗಿ ಪ್ರತ್ಯೇಕ ಲೈಸೆನ್ಸ್ ಬೇಕು. ಅರ್ಜಿ ಹಾಕಿದವರು ತಿಳಿನೀಲಿ ಕಾಗದದ ನೋಟಿಸನ್ನು ಅಂಗಡಿಯ ಹೊರಗೆ 28 ದಿನ ಅಂಟಿಸಿಡಬೇಕು. ನೆರೆಯವರು ಆಕ್ಷೇಪ ಬರೆದರೆ ವಿಚಾರಣೆ ನಡೆದು, ಮುಚ್ಚುವ ಹೊತ್ತು ಇಷ್ಟು ಎಂದು ಲೈಸೆನ್ಸಿನಲ್ಲೇ ಬರೆಯಬಹುದು. ನಾನು ಕೇಳುತ್ತಿರುವುದು ಇದಕ್ಕಿಂತ ಹೆಚ್ಚಿನದಲ್ಲ. ಒಂದು ಕಾಗದ, ಒಂದಿಷ್ಟು ದಿನ.

ಹಸಿದವರ ಗತಿ ಏನು ಎಂದು ಕೇಳುತ್ತೀರಿ. ರಾತ್ರಿ ಪಾಳಿಯ ನರ್ಸುಗಳು, ಹಾಸ್ಟೆಲ್ ಮಕ್ಕಳು, ತಡವಾಗಿ ಕೆಲಸ ಮುಗಿಸುವವರು. ನಿಜ, ಅವರಿಗೆ ಊಟ ಬೇಕು. ಕಳೆದ ವರ್ಷ ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಾನೇ ರಾತ್ರಿ ಒಂದು ಗಂಟೆಗೆ ಮೊಬೈಲಿನಲ್ಲಿ ಇಡ್ಲಿ ತರಿಸಿಕೊಂಡಿದ್ದೇನೆ. ಅದು ಯಾವ ಬೀದಿಯಲ್ಲಿ ಬೆಂದದ್ದು, ಅಲ್ಲಿ ಯಾರ ನಿದ್ದೆ ಕೆಟ್ಟಿತು ಎಂದು ಅಂದು ಯೋಚಿಸಲಿಲ್ಲ. ಅದು ಈಗ ಚುಚ್ಚುತ್ತಿದೆ. ಆದರೂ ಈ ವಾದ ನಿಲ್ಲುವುದಿಲ್ಲ. ಅದೇ ಇಡ್ಲಿ ಮುಖ್ಯರಸ್ತೆಯ ಅಂಗಡಿ ಸಾಲಿನಿಂದ ಬಂದಿದ್ದರೂ ನನ್ನ ಹೊಟ್ಟೆ ತುಂಬುತ್ತಿತ್ತು. ಹಸಿವಿನ ಹೆಸರು ಹೇಳಿ ಅಡುಗೆಮನೆಗೆಂದು ವಸತಿ ಬೀದಿಯಲ್ಲಿ ಕಡಿಮೆ ಬಾಡಿಗೆಯ ಮನೆ ಹಿಡಿಯುವುದು ಸರಿಯಲ್ಲ.

ಊಟ ತಲುಪಿಸುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ನಿನ್ನೆ ಕೆಳಗಿಳಿದು ಹೋದಾಗ ನಮ್ಮ ಕಾಂಪೌಂಡಿನ ಮೇಲೆ ನಾಲ್ವರು ಕುಳಿತಿದ್ದರು, ಒಬ್ಬನ ಮೊಬೈಲಿನಲ್ಲಿ ಹಾಡು. ಗದರಿಸಲೆಂದೇ ಹೋದೆ. ಅವನು ತಕ್ಷಣ ಹಾಡು ನಿಲ್ಲಿಸಿ ಎದ್ದು ನಿಂತು, "ಆರ್ಡರ್ ಇನ್ನೂ ಆಗಿಲ್ಲ ಅಮ್ಮಾ, ಎಲ್ಲಿ ನಿಲ್ಲಲಿ ಹೇಳಿ" ಎಂದ. ನನ್ನ ಬಾಯಿ ಕಟ್ಟಿತು. ಅವರಿಗೆ ಕೂರಲು ಒಂದು ಬೆಂಚಿಲ್ಲ, ಶೌಚಾಲಯವಿಲ್ಲ. ರಸ್ತೆಯ ಕೊನೆಯ ಖಾಲಿ ನಿವೇಶನಕ್ಕೆ ಅವರು ಹೋಗುವುದನ್ನು ಎಲ್ಲರೂ ಬೈಯುತ್ತೇವೆ, ಇನ್ನೆಲ್ಲಿಗೆ ಹೋಗಬೇಕು? ಅವರಿಗೆ ಜಾಗ ತೋರಿಸಬೇಕಾದವನು ಅಡುಗೆಮನೆಯ ಮಾಲೀಕ. ಆ ಮಾಲೀಕ ಈ ಬೀದಿಯಲ್ಲಿ ಮಲಗುವವನಲ್ಲ.

ಮನವಿಪತ್ರ ಬರೆದಿದ್ದೇನೆ. ರಾತ್ರಿ 11ಕ್ಕೆ ಒಲೆ ಆರಬೇಕು, ಕೊಳವೆಯನ್ನು ಮಹಡಿಗಿಂತ ಮೇಲಕ್ಕೆ ಒಯ್ಯಬೇಕು, ಸಿಲಿಂಡರ್ ಹಗಲಲ್ಲೇ ಇಳಿಸಬೇಕು, ಹುಡುಗರಿಗೆ ಒಳಗೆ ಜಾಗ ಕೊಡಬೇಕು, ಮುಂದಿನ ನವೀಕರಣಕ್ಕೆ ಮೊದಲು ನಮ್ಮನ್ನು ಕೇಳಬೇಕು. ಒಂಬತ್ತು ಮನೆಯವರು ಸಹಿ ಹಾಕಿದ್ದಾರೆ. ಮೂಲೆ ಮನೆಯ ಮಾವ, "ನಮಗೇಕಮ್ಮ ಊರ ಉಸಾಬರಿ" ಎಂದು ಬಾಗಿಲು ಹಾಕಿಕೊಂಡರು. ಸಂಜೆ ಮತ್ತೆ ಅವರ ಮನೆಗೆ ಹೋಗುತ್ತೇನೆ. ನಮ್ಮ ರಸ್ತೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಪತ್ರ ನಮ್ಮ ಮನೆಯ ಟೀಪಾಯಿಯ ಮೇಲಿದೆ. ಗಂಟೆ ಒತ್ತಬೇಡಿ, ಅಮ್ಮ ಮಲಗಿರಬಹುದು. ಬಾಗಿಲು ತೆರೆದೇ ಇರುತ್ತದೆ.