ಪಟ್ಟದ ರಾಜನ ತಟ್ಟೆಯಲ್ಲಿ ಡೋನಟ್!

ನಿನ್ನೆ ಸಂಜೆ ನಮ್ಮ ಮೈಸೂರಿನ ಸರಸ್ವತಿಪುರಂನಲ್ಲಿ ಒಬ್ಬರ ಮನೆಗೆ ದಸರಾ ಬೊಂಬೆ ನೋಡಲು ಹೋಗಿದ್ದೆವು. ಒಂಬತ್ತು ಮೆಟ್ಟಿಲು, ಬಿಳಿ ಪಂಚೆ ಹಾಸು, ಮೇಲೆ ಕಳಶ, ರಕ್ತಚಂದನದ ಪಟ್ಟದ ಗೊಂಬೆಗಳು. ಎಲ್ಲ ಲಕ್ಷಣವಾಗಿತ್ತು. ರಾಜ ರಾಣಿ ಮುಂದಿನ ಪುಟ್ಟ ತಟ್ಟೆ ನೋಡಿದೆ ನೋಡಿ, ಕೈಲಿದ್ದ ಚಕ್ಕುಲಿ ಕೈಲೇ ಉಳಿಯಿತು. ಡೋನಟ್! ಗುಲಾಬಿ ಬಣ್ಣದ್ದು. ಕೆಳಗೆ ಶೆಟ್ಟರ ಅಂಗಡಿಯಲ್ಲಿ ಅಕ್ಕಿ, ಬೇಳೆ, ಬೆಲ್ಲ, ಪಕ್ಕದಲ್ಲಿ ಪಿಜ್ಜಾ ತುಂಡು. ಶೆಟ್ಟರು ಏಜೆನ್ಸಿ ತಗೊಂಡಿರಬೇಕು.

"ಆನ್‌ಲೈನ್‌ನಲ್ಲಿ ಸೆಟ್ ಸಿಕ್ತು, ಕ್ಯೂಟ್ ಅಲ್ವಾ?" ಅಂದರು ಆ ಮನೆಯವರು. ಹೂಂ ಅಂದೆ. ಬೊಂಬೆ ಬಾಗಿನ ತಿನ್ನುತ್ತಾ ಜಗಳ ಆಡೋಕಾಗುತ್ತಾ?

ನಮ್ಮನೇಲಿ ಒಂದು ತಿಂಗಳಿಂದ ಬೊಂಬೆಗಳ ತಟ್ಟೆಗೆ ಪುಟ್ಟ ಪುಟ್ಟ ತಿಂಡಿ ಮಾಡೋ ಕೆಲಸ ನಡೀತಿದೆ. ನಾನು, ಅತ್ತೆ, ಮಗಳು ಮೂರೂ ಜನ ಪಾಲಿಮರ್ ಕ್ಲೇ ಹಿಡಿದು ಕೂತಿದ್ದೇವೆ. ಹೆಸರಿಗೆ ಕ್ಲೇ, ಆದರೆ ಮಣ್ಣಲ್ಲ, ಪಿವಿಸಿ ಪ್ಲಾಸ್ಟಿಕ್. ಗಾಳಿಗೆ ಒಣಗುವುದಿಲ್ಲ. ಸುಮಾರು 130 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಬೇಕು. ಕೇಕ್ ಮಾಡುವ ಓವನ್ ಬೇಡ ಅಂತ ಹಳೇ ಓಟಿಜಿ (ಪುಟ್ಟ ಕರೆಂಟ್ ಓವನ್) ಇದಕ್ಕೇ ಬಿಟ್ಟಿದ್ದೇವೆ. ಕಾವು ಜಾಸ್ತಿಯಾದರೆ ಸುಟ್ಟು ಕೆಟ್ಟ ಹೊಗೆ ಬರುತ್ತದೆ. ಮೊದಲ ಒಬ್ಬಟ್ಟು ಹಾಗೇ ಕರಕಲಾಯಿತು. "ನಿಜವಾದ ಒಬ್ಬಟ್ಟೂ ಹೀಗೇ ಸೀಯಿಸ್ತೀಯಲ್ಲ" ಅಂದರು ಅತ್ತೆ. ಸರಿ.

ಮೈಸೂರು ಪಾಕು ಮಾತ್ರ ನೋಡಬೇಕು ನೀವು. ಹಳದಿಗೆ ಚೂರು ಕಂದು ಬೆರೆಸಿ, ನಡುವೆ ಕೆಂಪಗೆ ಒಂದು ಪದರ ಇಟ್ಟು, ಕತ್ತರಿಸಿದ ಬದಿಗೆ ಹಳೇ ಹಲ್ಲುಜ್ಜೋ ಬ್ರಷ್ ಒತ್ತಬೇಕು. ಆಮೇಲೆ ಸೂಜಿಯಿಂದ ಒಂದೊಂದೇ ತೂತು. ದೋಸೆಗೆ ಸಾಫ್ಟ್ ಪೇಸ್ಟಲ್ ಕಡ್ಡಿ ಕೆರೆದು, ಆ ಪುಡಿಯನ್ನು ಒಣ ಬ್ರಷ್‌ನಲ್ಲಿ ಸವರಿ ಬೇಯಿಸಿದರೆ ಥೇಟ್ ಕಾವಲಿಯಿಂದ ಎದ್ದ ಬಣ್ಣ. ಇಷ್ಟೆಲ್ಲ ಇರುವಾಗ ಡೋನಟ್ಟಾ?

ಅಳತೆಯಾದರೂ ಸರಿ ಇದೆಯಾ? ಆ ಆನ್‌ಲೈನ್ ಸೆಟ್ ಡಾಲ್‌ಹೌಸ್, ಅಂದರೆ ಆಟದ ಬೊಂಬೆಮನೆ ಲೆಕ್ಕದ್ದು, ನಿಜವಾದ ಒಂದು ಅಡಿಗೆ ಒಂದು ಇಂಚು. ಪಟ್ಟದ ರಾಜನೇ ಒಂದಡಿ ಎತ್ತರ. ಅವನ ಕೈಗೆ ಅದು ಅಂಗಿ ಗುಂಡಿ!

"ಈಗಿನ ಮಕ್ಕಳು ತಿನ್ನೋದೇ ಅದು, ಕಾಲಕ್ಕೆ ತಕ್ಕ ಹಾಗೆ ಬೊಂಬೆ" ಅಂತ ನಮ್ಮ ಯಜಮಾನರ ವಾದ. (ಒಂದು ಚಕ್ಕುಲಿ ಸುತ್ತಿ ಕೊಟ್ಟವರಲ್ಲ, ವಾದಕ್ಕೆ ಮಾತ್ರ ಮುಂದು.) ಆಯ್ತಪ್ಪಾ. ಕ್ರಿಕೆಟ್ ಟೀಮ್ ಇಡಿ, ಮೆಟ್ರೋ ರೈಲು ಬಿಡಿ, ನಾನೂ ನೋಡಿ ಖುಷಿಪಡುತ್ತೇನೆ. ರಾಜನ ತಟ್ಟೆಗೆ ಯಾಕೆ ಕೈ ಹಾಕಬೇಕು? ಮೈಸೂರು ಪಾಕು ನಾಲ್ವಡಿಯವರ ಅರಮನೆ ಅಡುಗೆಮನೆಯಲ್ಲೇ ಹುಟ್ಟಿದ್ದು ಅಂತ ಬಂದವರಿಗೆಲ್ಲ ಹೇಳೋ ಊರು ಇದು. ಅದೇ ರಾಜನಿಗೆ ಡೋನಟ್ ಬಡಿಸುತ್ತೇವೆ.

ಈಗ ಒಂದು ನಿಜ ಹೇಳಿಬಿಡುತ್ತೇನೆ. ನಾನು ಮೊದಲು ಮಾಡಿದ್ದು ಬರ್ಗರ್. ನಾನು ನೋಡಿದ ವಿಡಿಯೋಗಳಲ್ಲೆಲ್ಲ ಅದೇ ಇತ್ತು, ಕೈ ಪಳಗಲಿ ಅಂತ ಮಾಡಿದೆ. ಸ್ಟೀಲ್ ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದೆ. ನಿನ್ನೆ ದಾರಿಯುದ್ದಕ್ಕೂ ನನ್ನ ಭಾಷಣ ಕೇಳಿಸಿಕೊಂಡ ಮಗಳು ಒಂದು ಮಾತೂ ಆಡಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ನಮ್ಮ ಶೆಟ್ಟರ ಅಂಗಡಿಯಲ್ಲಿ, ಬೆಲ್ಲದ ಅಚ್ಚಿನ ಪಕ್ಕ, ಅದು ಕೂತಿದೆ.

ಇನ್ನೂ ತೆಗೆದಿಲ್ಲ. ಅದರ ಮೇಲಿನ ಎಳ್ಳು ಚೆನ್ನಾಗಿಯೇ ಬಂದಿದೆ ಕಣ್ರೀ.